ಹಳೆಯ ಆರ್ಕೇಡ್ ಜಾಯ್‌ಸ್ಟಿಕ್‌ಗಳ ಬದಲಿ ಬಿಡಿಭಾಗಗಳು

ಹಳೆಯ ಆರ್ಕೇಡ್ ಜಾಯ್‌ಸ್ಟಿಕ್‌ಗಳ ಬದಲಿ ಬಿಡಿಭಾಗಗಳು ಎಂದರೆ 1970 ಮತ್ತು 1980ರ ದಶಕಗಳಲ್ಲಿ ತಯಾರಾದ, ನಾಣ್ಯ ಹಾಕಿ ಆಡುವ ವಿಡಿಯೋ ಆಟದ ಯಂತ್ರಗಳ ಜಾಯ್‌ಸ್ಟಿಕ್‌ಗಳಲ್ಲಿ ಸವೆದುಹೋದ, ಮುರಿದ ಅಥವಾ ಕಳೆದುಹೋದ ಭಾಗಗಳ ಜಾಗದಲ್ಲಿ ಅಳವಡಿಸುವ ಭಾಗಗಳು. ದಂಡ, ಸ್ಪ್ರಿಂಗ್, ಬುಷ್, ರಬ್ಬರ್ ಬಳೆ, ಸ್ವಿಚ್, ತಡೆಫಲಕ, ಹಿಡಿಗುಂಡು ಮೊದಲಾದವು ಇವುಗಳಲ್ಲಿ ಸೇರುತ್ತವೆ. ಮೂಲ ತಯಾರಕರಲ್ಲಿ ಹಲವರು ಈ ಉದ್ಯಮದಿಂದ ಹೊರಬಂದಿರುವುದರಿಂದ ಇಂತಹ ಭಾಗಗಳನ್ನು ಉಳಿದಿರುವ ಹಳೆಯ ದಾಸ್ತಾನಿನಿಂದ, ಕೆಟ್ಟುಹೋದ ಯಂತ್ರಗಳಿಂದ ಅಥವಾ ಇಂದಿನ ಪುನರ್‌ನಿರ್ಮಾಣಗಳಿಂದ ಪಡೆಯಲಾಗುತ್ತದೆ. ಎಲ್ಲಿಯೂ ದೊರೆಯದ ಭಾಗಗಳನ್ನು ಲೇತ್ ಯಂತ್ರ, ಎರಕದ ಅಚ್ಚು ಅಥವಾ ಮೂರು ಆಯಾಮದ ಮುದ್ರಣದ ಮೂಲಕ ಹೊಸದಾಗಿ ಮಾಡಿಕೊಳ್ಳಬೇಕಾಗುತ್ತದೆ.

ಆಟದ ತಂತ್ರಾಂಶವನ್ನು ನಕಲು ಮಾಡಿ ಗಣಕದಲ್ಲಿ ಉಳಿಸಿಕೊಳ್ಳಬಹುದು. 1997ರಲ್ಲಿ ಆರಂಭವಾದ ಮೇಮ್ ಯೋಜನೆಯು ಸಾವಿರಾರು ಆಟಗಳ ವಿಷಯದಲ್ಲಿ ಈ ಕೆಲಸವನ್ನು ಮಾಡಿದೆ. ಆದರೆ ಆಟಗಾರನ ಕೈಗೆ ಸಿಗುವ ಪ್ರತಿರೋಧ, ದಂಡ ಓಲಾಡುವ ಕೋನ ಮತ್ತು ಸ್ವಿಚ್ ಮುಚ್ಚಿಕೊಳ್ಳುವ ಕ್ಷಣ ಇವು ಲೋಹ, ರಬ್ಬರ್ ಮತ್ತು ಪ್ಲಾಸ್ಟಿಕ್‌ನಲ್ಲಿ ಮಾತ್ರ ಇರುವ ಗುಣಗಳು. ಭಾಗ ಹಾಳಾದರೆ ಅವೂ ಹಾಳಾಗುತ್ತವೆ.

ಹಿನ್ನೆಲೆ

ಸೆಗಾ ಸಂಸ್ಥೆಯ ವಿದ್ಯುತ್-ಯಾಂತ್ರಿಕ ಆಟವಾದ ಮಿಸೈಲ್ (1969) ಗುಂಡು ಹಾರಿಸುವ ಗುಂಡಿಯಿದ್ದ ಜಾಯ್‌ಸ್ಟಿಕ್ಕನ್ನು ಬಳಸಿದ ಆರಂಭಿಕ ಯಂತ್ರಗಳಲ್ಲಿ ಒಂದು. ಕೀ ಗೇಮ್ಸ್‌ನ ಟ್ಯಾಂಕ್ (1974) ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೆ ಎರಡೆರಡು ದಂಡಗಳಿದ್ದವು. 1980ರಲ್ಲಿ ನಾಮ್ಕೊದ ಪ್ಯಾಕ್-ಮ್ಯಾನ್, 1981ರಲ್ಲಿ ನಿಂಟೆಂಡೊದ ಡಾಂಕಿ ಕಾಂಗ್ ಬಂದ ಮೇಲೆ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಮನೆಮಾತಾಯಿತು. ವಿಲಿಯಮ್ಸ್ ಸಂಸ್ಥೆಯ ರೋಬೋಟ್ರಾನ್: 2084 (1982) ಎಂಟು ದಿಕ್ಕಿನ ಎರಡು ದಂಡಗಳನ್ನು ಒಟ್ಟಿಗೆ ಬಳಸಿತು: ಎಡಗೈಯಿಂದ ನಡೆಯುವುದು, ಬಲಗೈಯಿಂದ ಗುಂಡು ಹಾರಿಸುವುದು.

ಈ ಕಾಲದಲ್ಲಿ ಪ್ರತಿ ಆಟಕ್ಕೂ ತನ್ನದೇ ನಿಯಂತ್ರಣವನ್ನು ರೂಪಿಸುವ ಪದ್ಧತಿಯಿತ್ತು. ಅಮೆರಿಕದ ಇಲಿನಾಯ್ ರಾಜ್ಯದ ವೀಕೊ ಸಂಸ್ಥೆಯಂತಹ ಬಿಡಿಭಾಗ ತಯಾರಕರು ಅನೇಕ ಕಂಪನಿಗಳಿಗೆ ಜಾಯ್‌ಸ್ಟಿಕ್ ಒದಗಿಸುತ್ತಿದ್ದರೂ ಅಳತೆಗಳು ಆಟದಿಂದ ಆಟಕ್ಕೆ ಬದಲಾಗುತ್ತಿದ್ದವು. ಜಪಾನಿನಲ್ಲಿ 1980ರ ದಶಕದ ನಡುವೆ ಜಾಮ್ಮಾ ಎಂಬ 56 ಪಿನ್‌ಗಳ ತಂತಿಜೋಡಣೆಯ ಮಾನದಂಡ ಜಾರಿಗೆ ಬಂದು, ಒಂದೇ ಪೆಟ್ಟಿಗೆಯಲ್ಲಿ ಆಟದ ಫಲಕಗಳನ್ನಷ್ಟೇ ಬದಲಿಸುವ ರೂಢಿ ಬೆಳೆಯಿತು. ಇದರ ಪರಿಣಾಮವಾಗಿ ಸಾನ್ವಾ ಮತ್ತು ಸೈಮಿತ್ಸು ಸಂಸ್ಥೆಗಳ ಕೆಲವೇ ಮಾದರಿಗಳು ಎಲ್ಲೆಡೆ ಹರಡಿದವು. ಇಂದು ಜಪಾನಿ ಜಾಯ್‌ಸ್ಟಿಕ್‌ಗೆ ಬಿಡಿಭಾಗ ಸುಲಭವಾಗಿಯೂ ಅದಕ್ಕಿಂತ ಹಳೆಯ ಅಮೆರಿಕನ್ ಜಾಯ್‌ಸ್ಟಿಕ್‌ಗೆ ಕಷ್ಟದಿಂದಲೂ ದೊರೆಯುವುದಕ್ಕೆ ಈ ವ್ಯತ್ಯಾಸವೇ ಮುಖ್ಯ ಕಾರಣ.

ರಚನೆ ಮತ್ತು ಸವೆತ

ಸಾಮಾನ್ಯ ಜಾಯ್‌ಸ್ಟಿಕ್‌ನ ನಡುವೆ ಉಕ್ಕಿನ ದಂಡವಿರುತ್ತದೆ. ಅದರ ಮೇಲ್ತುದಿಯಲ್ಲಿ ಗುಂಡು ಅಥವಾ ಉದ್ದನೆಯ ಹಿಡಿ, ನಡುವೆ ಓಲಾಡುವ ಆಧಾರಬಿಂದು, ಕೆಳತುದಿಯಲ್ಲಿ ಸ್ವಿಚ್‌ಗಳನ್ನು ಒತ್ತುವ ಪ್ಲಾಸ್ಟಿಕ್ ತುಂಡು ಇರುತ್ತವೆ. ಕೈ ಬಿಟ್ಟಾಗ ದಂಡವನ್ನು ನಡುವಿಗೆ ತರುವ ಕೆಲಸವನ್ನು ಸ್ಪ್ರಿಂಗ್ ಅಥವಾ ರಬ್ಬರ್ ಬಳೆ ಮಾಡುತ್ತದೆ. ಇವೆಲ್ಲವನ್ನೂ ಹಿಡಿದಿಡುವುದು ದಂಡದ ತೋಡಿನೊಳಗೆ ಕೂರುವ, ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಇ-ಕ್ಲಿಪ್. ಜಾಯ್‌ಸ್ಟಿಕ್ ಬಿಚ್ಚುವಾಗ ಇದು ಚಿಮ್ಮಿ ಕಾಣೆಯಾಗುವುದು ಬಹು ಸಾಮಾನ್ಯ. ಅದರ ಬೆಲೆ ಅತ್ಯಲ್ಪವಾದರೂ ಅದಿಲ್ಲದೆ ಇಡೀ ಜೋಡಣೆ ನಿಲ್ಲುವುದಿಲ್ಲ.

1980ರ ದಶಕದ ಮೊದಲ ಭಾಗದ ಹೆಚ್ಚಿನ ಯಂತ್ರಗಳಲ್ಲಿ ಲೀಫ್ ಸ್ವಿಚ್‌ಗಳಿದ್ದವು. ಇವು ಎದುರುಬದುರಾಗಿ ನಿಂತ ಎರಡು ತೆಳು ಲೋಹದ ಎಲೆಗಳು. ದಂಡ ವಾಲಿದಾಗ ಒಂದು ಎಲೆ ಬಾಗಿ ಇನ್ನೊಂದನ್ನು ಮುಟ್ಟಿ ಮಂಡಲ ಪೂರ್ಣವಾಗುತ್ತದೆ. ಸದ್ದಿಲ್ಲದ, ಮೃದುವಾದ ಈ ಚಲನೆಯನ್ನು ಬಯಸುವ ಆಟಗಾರರು ಇಂದಿಗೂ ಇದ್ದಾರೆ. ಎಲೆಗಳು ಕಾಲಕ್ರಮದಲ್ಲಿ ಬಾಗಿ ಅಂತರ ಹೆಚ್ಚಾಗುವುದು ಮತ್ತು ಸ್ಪರ್ಶಬಿಂದುಗಳ ಮೇಲೆ ಮಲಿನ ಪದರ ಕೂರುವುದು ಇವುಗಳ ಮುಖ್ಯ ದೋಷಗಳು. ಎರಡಕ್ಕೂ ಬಹುಪಾಲು ಸಂದರ್ಭಗಳಲ್ಲಿ ಹೊಸ ಭಾಗದ ಅಗತ್ಯವಿಲ್ಲ. ಎಲೆಯನ್ನು ಅದರ ಬುಡದ ಬಳಿ ಎಚ್ಚರದಿಂದ ಬಾಗಿಸಿ ಅಂತರವನ್ನು ಸರಿಪಡಿಸಬಹುದು. ಆಲ್ಕೋಹಾಲ್‌ನಲ್ಲಿ ತೇವ ಮಾಡಿದ ದಪ್ಪ ಕಾಗದದ ಚೀಟಿಯನ್ನು ಬಿಂದುಗಳ ನಡುವೆ ಎಳೆದು ಮಲಿನವನ್ನು ತೆಗೆಯಬಹುದು.

ಇಲ್ಲಿ ಆಗಾಗ ನಡೆಯುವ ಒಂದು ತಪ್ಪಿದೆ. ಪಿನ್‌ಬಾಲ್ ಯಂತ್ರಗಳಲ್ಲಿ ಹೆಚ್ಚಿನ ವಿದ್ಯುತ್ ಪ್ರವಾಹ ಹರಿಯುವ ಸ್ವಿಚ್‌ಗಳ ಬಿಂದುಗಳು ಟಂಗ್‌ಸ್ಟನ್‌ನಿಂದ ಮಾಡಿದವು. ಅವು ಸುಟ್ಟಾಗ ಅರದಿಂದ ಉಜ್ಜುವುದೇ ಸರಿಯಾದ ಕ್ರಮ. ವಿಡಿಯೋ ಆಟದ ಜಾಯ್‌ಸ್ಟಿಕ್‌ನಲ್ಲಿ ಹರಿಯುವುದು 5 ವೋಲ್ಟ್‌ನ ತೀರ ಸಣ್ಣ ಪ್ರವಾಹ. ಅದಕ್ಕಾಗಿ ಬಿಂದುಗಳಿಗೆ ಚಿನ್ನದ ತೆಳು ಲೇಪನ ಕೊಟ್ಟಿರುವುದುಂಟು. ಅಂತಹ ಬಿಂದುವನ್ನು ಅರದಿಂದ ಉಜ್ಜಿದರೆ ಲೇಪನ ಹೋಗುತ್ತದೆ. ಅನಂತರ ಕೂರುವ ಆಕ್ಸೈಡ್ ಪದರವನ್ನು ಭೇದಿಸುವಷ್ಟು ಪ್ರವಾಹ ಇಲ್ಲದ ಕಾರಣ ಸ್ವಿಚ್ ಕೆಲವೇ ವಾರಗಳಲ್ಲಿ ಮತ್ತೆ ಕೈಕೊಡಬಹುದು. ಚೆನ್ನಾಗಿದ್ದ ಮೂಲಭಾಗಗಳು ದುರಸ್ತಿಯ ಹೆಸರಿನಲ್ಲಿ ಹಾಳಾದದ್ದಕ್ಕೆ ಇದು ಒಂದು ಕಾರಣ.

1980ರ ದಶಕದ ಉತ್ತರಾರ್ಧದಲ್ಲಿ ಮೈಕ್ರೋಸ್ವಿಚ್ ಬಳಕೆ ಹೆಚ್ಚಿತು. ಮುಚ್ಚಿದ ಪೆಟ್ಟಿಗೆಯೊಳಗೆ ಟಕ್ಕೆಂದು ಹೊರಳುವ ಈ ಸ್ವಿಚ್ಚಿಗೆ ಹೊಂದಾಣಿಕೆ ಬೇಕಿಲ್ಲ. ಕೆಟ್ಟರೆ ಹೊಸದನ್ನು ಹಾಕಿದರಾಯಿತು. ಬದಲಿಸುವಾಗ ತಂತಿ ಸಿಕ್ಕಿಸುವ ಪಟ್ಟಿಯ ಅಗಲವನ್ನು ನೋಡಬೇಕು. 4.8 ಮಿ.ಮೀ. ಮತ್ತು 6.3 ಮಿ.ಮೀ. ಎರಡೂ ಬಳಕೆಯಲ್ಲಿವೆ. ಒತ್ತಲು ಬೇಕಾದ ಬಲವೂ ಮಾದರಿಯಿಂದ ಮಾದರಿಗೆ ಬೇರೆ.

ಗುರುತಿಸುವಿಕೆ ಮತ್ತು ಅಳತೆ

ಬೇಕಾದ ಭಾಗ ಯಾವುದೆಂದು ಖಚಿತಪಡಿಸಿಕೊಳ್ಳುವುದು ಹುಡುಕಾಟದ ಮೊದಲ ಹಂತ. ಅಟಾರಿ ಮುಂತಾದ ಕಂಪನಿಗಳು ಯಂತ್ರದೊಂದಿಗೆ ಕೊಡುತ್ತಿದ್ದ ಕೈಪಿಡಿಗಳಲ್ಲಿ ನಿಯಂತ್ರಣಗಳ ಬಿಡಿಬಿಡಿಯಾದ ಚಿತ್ರಗಳೂ ಪ್ರತಿ ಭಾಗದ ಸಂಖ್ಯೆಯೂ ಇರುತ್ತಿದ್ದವು. ಇಂತಹ ಅನೇಕ ಕೈಪಿಡಿಗಳು ಇಂಟರ್ನೆಟ್ ಆರ್ಕೈವ್‌ನಂತಹ ಸಂಗ್ರಹಗಳಲ್ಲಿ ದೊರೆಯುತ್ತವೆ. ಒಂದೇ ಸಂಖ್ಯೆಯ ಭಾಗ ಬೇರೆ ಆಟದಲ್ಲಿಯೂ ಬಳಕೆಯಾಗಿದ್ದರೆ ಹುಡುಕಾಟದ ವ್ಯಾಪ್ತಿ ಹಿಗ್ಗುತ್ತದೆ.

ಯಂತ್ರದಲ್ಲಿ ಈಗ ಇರುವ ಜಾಯ್‌ಸ್ಟಿಕ್ ಮೂಲದ್ದೇ ಎಂದು ನಂಬುವಂತಿಲ್ಲ. ಆಟದ ಅಂಗಡಿಗಳ ಮಾಲೀಕರಿಗೆ ಯಂತ್ರ ಆದಾಯದ ಸಾಧನವಾಗಿತ್ತು. ಸಂಜೆಯೊಳಗೆ ಅದು ಮತ್ತೆ ನಡೆಯಬೇಕಿತ್ತು. ಕೈಗೆ ಸಿಕ್ಕ ಜಾಯ್‌ಸ್ಟಿಕ್ಕನ್ನು ಹಾಕಿ, ಬೇಕಾದರೆ ಫಲಕಕ್ಕೆ ಹೊಸ ರಂಧ್ರ ಕೊರೆದು ಮುಂದುವರಿಯುತ್ತಿದ್ದರು. ಪ್ಯಾಕ್-ಮ್ಯಾನ್ ಯಂತ್ರಕ್ಕೆ ಎಂಟು ದಿಕ್ಕಿನ ಜಾಯ್‌ಸ್ಟಿಕ್ ಹಾಕಿರುವುದು ಇದಕ್ಕೆ ಪರಿಚಿತ ಉದಾಹರಣೆ. ಅಂತಹ ದಂಡವನ್ನು ಮೂಲೆಗೆ ತಳ್ಳಿದಾಗ ಎರಡು ಸ್ವಿಚ್‌ಗಳು ಒಟ್ಟಿಗೆ ಮುಚ್ಚುತ್ತವೆ. ನಾಲ್ಕು ದಿಕ್ಕುಗಳಿಗಷ್ಟೇ ಬರೆದ ಆಟಕ್ಕೆ ಆ ಸಂಜ್ಞೆಯ ಅರ್ಥ ಸ್ಪಷ್ಟವಾಗದೆ ತಿರುವುಗಳು ತಪ್ಪುತ್ತವೆ, ಮತ್ತು ಆಟಗಾರ ದೋಷ ತನ್ನ ಕೈಯದೆಂದು ತಿಳಿಯುತ್ತಾನೆ. ಮೂಲ ಜಾಯ್‌ಸ್ಟಿಕ್‌ನಲ್ಲಿ ದಂಡ ಮೂಲೆಗೆ ಹೋಗದಂತೆ ತಡೆಯುವ ಫಲಕವಿರುತ್ತದೆ. ಗಾಟ್ಲೀಬ್‌ನ ಕ್ಯೂಬರ್ಟ್ (1982) ಆಟದಲ್ಲಿ ಇದೇ ಬಗೆಯ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ಕನ್ನು 45 ಡಿಗ್ರಿ ತಿರುಗಿಸಿ ಕೂರಿಸಲಾಗಿದೆ. ಇದನ್ನು ಅರಿಯದೆ ಅದನ್ನು ‘ನೇರ’ ಮಾಡಿದರೆ ಆಟವೇ ಕೆಡುತ್ತದೆ.

ಅಳತೆಯಲ್ಲಿ ಇಂಚು ಮತ್ತು ಮಿಲಿಮೀಟರ್ ಗೊಂದಲ ಹೆಚ್ಚು. ಹಲವು ಅಮೆರಿಕನ್ ಜಾಯ್‌ಸ್ಟಿಕ್‌ಗಳ ದಂಡದ ವ್ಯಾಸ 3/8 ಇಂಚು, ಅಂದರೆ 9.525 ಮಿ.ಮೀ. ಸುಲಭವಾಗಿ ಸಿಗುವ 10 ಮಿ.ಮೀ. ಸರಳು ಅದರ ಬುಷ್‌ನೊಳಗೆ ಹೋಗುವುದಿಲ್ಲ, 9 ಮಿ.ಮೀ. ಸರಳು ಗಡಗಡ ಅಲುಗಾಡುತ್ತದೆ. ಥ್ರೆಡ್‌ಗಳಲ್ಲಿ ಈ ಹೋಲಿಕೆ ಇನ್ನೂ ಮೋಸಗೊಳಿಸುವಂಥದ್ದು. ಸಾನ್ವಾ ಜೆಎಲ್‌ಎಫ್ ಜಾಯ್‌ಸ್ಟಿಕ್‌ನ 35 ಮಿ.ಮೀ. ಗುಂಡನ್ನು ಹಿಡಿಯುವುದು ಎಂ6 ಥ್ರೆಡ್, ಅದರ ಎಳೆಗಳ ಅಂತರ 1 ಮಿ.ಮೀ. ಕಾಲು ಇಂಚಿನ, ಇಂಚಿಗೆ 20 ಎಳೆಗಳ ಥ್ರೆಡ್ ಕಣ್ಣಿಗೆ ಹಾಗೆಯೇ ಕಂಡರೂ ಅದರ ಎಳೆಗಳ ಅಂತರ 1.27 ಮಿ.ಮೀ. ಒಂದನ್ನು ಇನ್ನೊಂದರೊಳಗೆ ಬಲವಂತವಾಗಿ ತಿರುಗಿಸಿದರೆ ಗುಂಡಿನ ಒಳಎಳೆಗಳು ಕಿತ್ತುಹೋಗುತ್ತವೆ. ವರ್ನಿಯರ್ ಕ್ಯಾಲಿಪರ್ ಜೊತೆಗೆ ಥ್ರೆಡ್ ಗೇಜ್ ಇರಿಸಿಕೊಳ್ಳುವುದು ಇದಕ್ಕಾಗಿಯೇ.

ಬಿಡಿಭಾಗಗಳ ಮೂಲಗಳು

ಕಾರ್ಖಾನೆಯಿಂದ ಬಂದು ಬಳಕೆಯಾಗದೆ ಉಳಿದ ಹಳೆಯ ದಾಸ್ತಾನನ್ನು ಸಂಗ್ರಾಹಕರು ಅತ್ಯುತ್ತಮವೆಂದು ಎಣಿಸುತ್ತಾರೆ. ಲೋಹದ ಭಾಗಗಳ ಮಟ್ಟಿಗೆ ಇದು ಸರಿ. ರಬ್ಬರಿಗೆ ಮಾತ್ರ ಪೊಟ್ಟಣದೊಳಗೂ ವಯಸ್ಸಾಗುತ್ತದೆ: ಗಾಳಿಯ ಆಮ್ಲಜನಕ ಮತ್ತು ಓಜೋನ್‌ನಿಂದ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ ಅಥವಾ ಅಂಟಂಟಾಗುತ್ತದೆ. ನಲವತ್ತು ವರ್ಷ ಹಳೆಯ ‘ಹೊಸ’ ರಬ್ಬರ್ ಬಳೆಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಸಾನ್ವಾ ಮತ್ತು ಸೈಮಿತ್ಸು ಮಾದರಿಗಳಿಗೆ ದಂಡ, ಸ್ಪ್ರಿಂಗ್, ಗುಂಡು, ತಡೆಫಲಕಗಳು ಬಿಡಿಯಾಗಿಯೇ ಮಾರಾಟಕ್ಕಿವೆ. ಅಮೆರಿಕದ ಹ್ಯಾಪ್ ಕಂಟ್ರೋಲ್ಸ್ 1980ರ ದಶಕದ ಉತ್ತರಾರ್ಧದಿಂದ ಈ ಕ್ಷೇತ್ರದ ದೊಡ್ಡ ಪೂರೈಕೆದಾರ ಸಂಸ್ಥೆಯಾಗಿ ಬೆಳೆದು, ಮುಂದೆ ಸುಜೊ ಸಂಸ್ಥೆಯೊಡನೆ ಸೇರಿ ಸುಜೊಹ್ಯಾಪ್ ಆಯಿತು. 1990ರ ದಶಕದ ಹೊಡೆದಾಟದ ಆಟಗಳಲ್ಲಿ ಪ್ರಸಿದ್ಧವಾದ ಹ್ಯಾಪ್ ಕಾಂಪಿಟಿಷನ್ ಜಾಯ್‌ಸ್ಟಿಕ್ಕನ್ನು ಮೊದಲು ಸ್ಪೇನಿನ ಇಂಡಸ್ಟ್ರಿಯಾಸ್ ಲೊರೆಂಜೊ ತಯಾರಿಸುತ್ತಿತ್ತು. ಅಂದಿನ ಸ್ಪರ್ಶವನ್ನು ಬಯಸುವವರು ಇಂದಿಗೂ ಆ ಸ್ಪೇನ್ ಸಂಸ್ಥೆಯ ಜಾಯ್‌ಸ್ಟಿಕ್‌ಗಳನ್ನೇ ಹುಡುಕುತ್ತಾರೆ. ಪ್ಯಾಕ್-ಮ್ಯಾನ್, ಡಾಂಕಿ ಕಾಂಗ್‌ನಂತಹ ಜನಪ್ರಿಯ ಆಟಗಳಿಗೆ ಸಣ್ಣ ತಯಾರಕರ ಪುನರ್‌ನಿರ್ಮಿತ ಜಾಯ್‌ಸ್ಟಿಕ್‌ಗಳು ಸಿಗುತ್ತವೆ. ಅವುಗಳ ಗುಣಮಟ್ಟ ಒಂದೇ ಸಮನಾಗಿಲ್ಲ.

ಇನ್ನೊಂದು ಮೂಲ, ದುರಸ್ತಿಗೆ ನಿಲುಕದ ಯಂತ್ರಗಳು. ‘ದುರಸ್ತಿಗೆ ನಿಲುಕದ’ ಎಂಬ ತೀರ್ಮಾನ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ ಎಂಬುದೇ ಇಲ್ಲಿನ ತೊಡಕು. ಬೆಲೆಯಿಲ್ಲವೆಂದು ಹಿಂದೆ ಬಿಡಿಭಾಗಗಳಾಗಿ ಬಿಚ್ಚಿದ ಯಂತ್ರವನ್ನು ಇಂದು ಉಳಿಸುತ್ತಿದ್ದರು.

ಹೊಸದಾಗಿ ತಯಾರಿಸುವುದು

ದಂಡವನ್ನು ಲೇತ್ ಯಂತ್ರದಲ್ಲಿ ಕಡೆಯುವುದು ಇವುಗಳಲ್ಲಿ ನೇರವಾದ ಕೆಲಸ. ಸುಲಭವಾಗಿ ಕತ್ತರಿಸಬಹುದಾದ ಮೆದು ಉಕ್ಕು ಅಥವಾ ತುಕ್ಕುಹಿಡಿಯದ ಉಕ್ಕು ಸಾಕಾಗುತ್ತದೆ. ಮೆದು ಉಕ್ಕಾದರೆ ಸತುವಿನ ಅಥವಾ ನಿಕ್ಕಲ್ ಲೇಪನ ಅಗತ್ಯ, ಏಕೆಂದರೆ ಆಟಗಾರರ ಬೆವರಿನಿಂದ ಅದು ಬೇಗ ತುಕ್ಕು ಹಿಡಿಯುತ್ತದೆ. ಲೇಪನದ ದಪ್ಪವನ್ನೂ ಅಳತೆಯಲ್ಲಿ ಮೊದಲೇ ಕಳೆದಿರಬೇಕು. ಎಚ್ಚರ ಬೇಕಾದ ಜಾಗ ಇ-ಕ್ಲಿಪ್‌ನ ತೋಡು. ಅದು ಆಳ ಕಡಿಮೆಯಾದರೆ ಕ್ಲಿಪ್ ಕಳಚಿ ಬೀಳುತ್ತದೆ. ಹೆಚ್ಚಾದರೆ ಒತ್ತಡವೆಲ್ಲ ಅಲ್ಲಿಯೇ ಸೇರಿ ದಂಡ ಆ ಗೆರೆಯಲ್ಲಿಯೇ ಮುರಿಯುತ್ತದೆ.

ಬುಷ್ ಮತ್ತು ಆಧಾರಬಿಂದುವಿನ ಭಾಗಗಳಿಗೆ ಮೂಲದಲ್ಲಿ ನೈಲಾನ್ ಬಳಕೆಯಾಗಿರುವುದುಂಟು. ನೈಲಾನ್ ಗಾಳಿಯ ತೇವವನ್ನು ಹೀರಿ ಸ್ವಲ್ಪ ಉಬ್ಬುತ್ತದೆ. ಕರಾವಳಿಯ ಊರಿನಲ್ಲಿ ಬಿಗಿಯಾದ ಬುಷ್ ಒಣಹವೆಯಲ್ಲಿ ಸಡಿಲವಾಗಬಹುದು. ಡೆಲ್ರಿನ್ ಎಂಬ ವ್ಯಾಪಾರನಾಮದಿಂದ ಪರಿಚಿತವಾದ ಅಸಿಟಾಲ್ ಈ ದೋಷದಿಂದ ಬಹುಮಟ್ಟಿಗೆ ಮುಕ್ತ, ಲೇತ್‌ನಲ್ಲಿ ಶುಚಿಯಾಗಿ ಕಡೆಯಲ್ಪಡುತ್ತದೆ ಮತ್ತು ತಾನಾಗಿಯೇ ಜಾರುವ ಗುಣವುಳ್ಳದ್ದು. ಹೀಗಾಗಿ ಬದಲಿ ಬುಷ್‌ಗಳಿಗೆ ಅದೇ ಹೆಚ್ಚು ಸೂಕ್ತ.

ರಬ್ಬರ್ ಬಳೆಗಳನ್ನು ಸಿಲಿಕೋನ್ ಅಚ್ಚಿನಲ್ಲಿ ಪಾಲಿಯುರೆಥೇನ್ ಎರೆದು ಮಾಡಲಾಗುತ್ತದೆ. ಇದರ ಗಡಸುತನವನ್ನು ಶೋರ್ ಎ ಎಂಬ ಮಾಪನದಲ್ಲಿ ಸೂಚಿಸುತ್ತಾರೆ. ವೀಕೊ ಮಾದರಿಯ ಲೀಫ್ ಜಾಯ್‌ಸ್ಟಿಕ್‌ಗಳಲ್ಲಿ ದಂಡವನ್ನು ನಡುವಿಗೆ ತರುವುದು ಈ ಬಳೆಯೇ ಆದ್ದರಿಂದ ಆಟದ ‘ಕೈ’ ಪೂರ್ತಿಯಾಗಿ ಅದರ ಗಡಸುತನದ ಮೇಲೆ ನಿಂತಿದೆ. ಗಟ್ಟಿಯಾಗಿಹೋದ ಹಳೆಯ ಬಳೆಯನ್ನು ಅಳೆದು ಅಷ್ಟೇ ಗಡಸಿನದನ್ನು ಎರೆದರೆ, ತಯಾರಾಗುವುದು ಹೊಸ ಬಳೆಯಲ್ಲ, ಮುಪ್ಪಾದ ಬಳೆಯ ನಕಲು. ಅಚ್ಚು ತೆಗೆಯುವ ಎಲ್ಲ ಕೆಲಸಕ್ಕೂ ಈ ಮಾತು ಅನ್ವಯಿಸುತ್ತದೆ: ಸವೆದ ಭಾಗದಿಂದ ತೆಗೆದ ಅಚ್ಚು ಸವೆತವನ್ನೂ ನಕಲು ಮಾಡುತ್ತದೆ. ಇದರಿಂದ ಪಾರಾಗಲು ಒಂದೇ ಬಗೆಯ ಹಲವು ಭಾಗಗಳನ್ನು ಅಳೆದು ಅತಿ ಕಡಿಮೆ ಸವೆದ ಮುಖಗಳ ಅಳತೆಗಳನ್ನು ಜೋಡಿಸಿಕೊಳ್ಳುತ್ತಾರೆ. ನಾಲ್ಕೂ ದಿಕ್ಕಿಗೆ ಸಮನಾಗಿರಬೇಕಾದ ಭಾಗದಲ್ಲಿ ಕಡಿಮೆ ಬಳಕೆಯಾದ ಬದಿಯೇ ಮೂಲ ಅಳತೆಯನ್ನು ಹೇಳುತ್ತದೆ.

ಸ್ಪ್ರಿಂಗ್‌ನಲ್ಲಿ ಕಣ್ಣಳತೆ ನಡೆಯುವುದಿಲ್ಲ. ಸುರುಳಿ ಸ್ಪ್ರಿಂಗ್‌ನ ಬಿಗುವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿಯೂ ಸುರುಳಿಯ ವ್ಯಾಸದ ಮೂರನೆಯ ಘಾತಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಉಳಿದೆಲ್ಲ ಅಳತೆಗಳು ಒಂದೇ ಆಗಿದ್ದು ತಂತಿ ಮಾತ್ರ ಶೇ. 10ರಷ್ಟು ದಪ್ಪವಾದರೆ ಬಿಗುವು ಸುಮಾರು ಶೇ. 46ರಷ್ಟು ಏರುತ್ತದೆ. ತಂತಿಯ ವ್ಯಾಸವನ್ನು ಮೈಕ್ರೋಮೀಟರಿನಿಂದಲೇ ಅಳೆಯಬೇಕೆನ್ನುವುದು ಈ ಕಾರಣಕ್ಕೆ.

ಮೂರು ಆಯಾಮದ ಮುದ್ರಣ ಈ ಹವ್ಯಾಸವನ್ನು ಸುಲಭಗೊಳಿಸಿದೆ, ಜೊತೆಗೆ ದುರ್ಬಲ ಭಾಗಗಳನ್ನೂ ಹೆಚ್ಚಿಸಿದೆ. ಪದರದ ಮೇಲೆ ಪದರವಾಗಿ ಮುದ್ರಿತವಾದ ಭಾಗ ಪದರಗಳ ನಡುವೆ ಸೀಳುವ ಸ್ವಭಾವದ್ದು. ಬಲ ಬೀಳುವ ದಿಕ್ಕನ್ನು ನೋಡಿ ಮುದ್ರಿಸಬೇಕಾಗುತ್ತದೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತದೆ, ಅದಕ್ಕಿಂತ ಕೆಳಗೂ ನಿರಂತರ ಒತ್ತಡದಲ್ಲಿ ನಿಧಾನವಾಗಿ ಆಕಾರ ಕಳೆದುಕೊಳ್ಳುತ್ತದೆ. ಸ್ವಿಚ್ ಒತ್ತುವ ಭಾಗಗಳಿಗೆ ನೈಲಾನ್ ಪುಡಿಯನ್ನು ಲೇಸರ್‌ನಿಂದ ಬೆಸೆಯುವ ವಿಧಾನ ಹೆಚ್ಚು ಬಾಳಿಕೆ ಕೊಡುತ್ತದೆ. ಲೋಹದ ಭಾಗ ಕಡೆಯುವ ಮೊದಲು ಅಳತೆ ಪರೀಕ್ಷಿಸಲು ಅಗ್ಗದ ಮುದ್ರಿತ ಮಾದರಿಯೊಂದನ್ನು ಕೂರಿಸಿ ನೋಡುವುದು ಈ ತಂತ್ರದ ನಿರ್ವಿವಾದ ಉಪಯೋಗ.

ಕಷ್ಟದ ಪ್ರಕರಣಗಳು

ಬ್ಯಾಲಿ ಮಿಡ್‌ವೇಯ ಟ್ರಾನ್ (1982) ಆಟದ ಹಿಡಿ ಪಿಸ್ತೂಲಿನ ಆಕಾರದ, ಅರೆಪಾರದರ್ಶಕ ನೀಲಿ ಪ್ಲಾಸ್ಟಿಕ್‌ನದು. ಯಂತ್ರದ ನೇರಳಾತೀತ ದೀಪದಡಿ ಹೊಳೆಯುತ್ತದೆ. ಹಿಡಿಯೊಳಗಿನ ಗುಂಡಿಯ ತಂತಿಗಳು ದಂಡದ ಚಲನೆಯೊಂದಿಗೆ ಬಾಗಿಬಾಗಿ ತುಂಡಾಗುತ್ತವೆ. ತಂತಿ ಬದಲಿಸುವುದು ಸುಲಭ. ಹಿಡಿ ಸೀಳಿದರೆ ಆಕಾರದ ಜೊತೆಗೆ ಬಣ್ಣವನ್ನೂ ಹೊಳಪನ್ನೂ ಹೊಂದಿಸಬೇಕಾಗುತ್ತದೆ, ಹಗಲಿನಲ್ಲಿ ಸರಿಹೊಂದಿದ ಪ್ಲಾಸ್ಟಿಕ್ ಆ ದೀಪದಡಿ ಮಂಕಾಗಿ ಕಾಣಬಹುದು.

ಎಸ್‌ಎನ್‌ಕೆ ಸಂಸ್ಥೆಯ ಇಕಾರಿ ವಾರಿಯರ್ಸ್ (1986) ಆಟದಲ್ಲಿ ದಂಡವನ್ನು ಎಂಟು ದಿಕ್ಕಿಗೆ ವಾಲಿಸುವುದರ ಜೊತೆಗೆ ಅದರ ತಲೆಯನ್ನು ತಿರುಗಿಸಿ ಗುರಿ ಹಿಡಿಯಬೇಕು. ಒಂದು ಸುತ್ತಿಗೆ 12 ನೆಲೆಗಳು, ಅಂದರೆ ಪ್ರತಿ ನೆಲೆಗೆ 30 ಡಿಗ್ರಿ. ಸೈಮಿತ್ಸುವಿನ ಎಲ್‌ಎಸ್-30 ಎಂಬ ಈ ಮಾದರಿಯ ತಿರುಗುಸ್ವಿಚ್ ಒಳಗೇ ಸವೆಯುತ್ತದೆ, ಮತ್ತು ಬೇರೆ ಬಗೆಯ ಸಾಮಾನ್ಯ ಜಾಯ್‌ಸ್ಟಿಕ್ ಹಾಕಿದರೆ ಆಟವನ್ನು ಆಡಲಾಗುವುದೇ ಇಲ್ಲ. ಮುಂದೆ ಬಂದ ದ್ಯುತಿಸಂವೇದಿ ಮಾದರಿಗಳನ್ನು ಸಣ್ಣ ಮೈಕ್ರೋಕಂಟ್ರೋಲರ್ ಫಲಕದ ಮೂಲಕ ಜೋಡಿಸಿ, ಹಳೆಯ ಸ್ವಿಚ್‌ನ ಸಂಜ್ಞೆಗಳನ್ನೇ ಆಟಕ್ಕೆ ಕೊಡುವ ಪರಿಹಾರ ಬಳಕೆಯಲ್ಲಿದೆ.

ವಿಲಿಯಮ್ಸ್‌ನ ಸಿನಿಸ್ಟಾರ್ (1983) 49 ನೆಲೆಗಳ ಜಾಯ್‌ಸ್ಟಿಕ್ಕನ್ನು ಬಳಸುತ್ತದೆ. ಅಡ್ಡಕ್ಕೆ 7, ಉದ್ದಕ್ಕೆ 7 ನೆಲೆಗಳನ್ನು ಬೆಳಕಿನ ಸಂವೇದಕಗಳು ಗುರುತಿಸುವುದರಿಂದ ದಿಕ್ಕಿನ ಜೊತೆಗೆ ಎಷ್ಟು ವಾಲಿಸಲಾಗಿದೆ ಎಂಬುದೂ ಆಟಕ್ಕೆ ತಿಳಿಯುತ್ತದೆ. ಇಲ್ಲಿ ಕೆಡುವುದು ಹೆಚ್ಚಾಗಿ ಸಂವೇದಕಗಳು ಮತ್ತು ಬೆಳಕನ್ನು ಮರೆಮಾಡುವ ಫಲಕ. ಅಟಾರಿಯ ಐ, ರೋಬೋಟ್ (1984) ಹಾಲ್ ಪರಿಣಾಮದ ಸಂವೇದಕಗಳನ್ನು ಬಳಸಿತು. ಅದರಲ್ಲಿ ಉಜ್ಜುವ ಸ್ಪರ್ಶಬಿಂದುವೇ ಇಲ್ಲ. ಅದೇ ಸಂಸ್ಥೆಯ ಸ್ಟಾರ್ ವಾರ್ಸ್ (1983) ಆಟದ ವಿಮಾನದ ಚುಕ್ಕಾಣಿಯಂತಹ ನಿಯಂತ್ರಣವು ಅಮೆರಿಕದ ಸೇನೆಗಾಗಿ ಮಾಡಿದ ಬ್ರ್ಯಾಡ್ಲಿ ಟ್ರೈನರ್‌ನ ನಿಯಂತ್ರಣದಿಂದ ಬೆಳೆದುಬಂದದ್ದು. ಅದರ ಹಲ್ಲುಗಾಲಿಗಳೂ ಪೊಟೆನ್ಷಿಯೋಮೀಟರ್‌ಗಳೂ ಸವೆದಾಗ ತೆರೆಯ ಮೇಲಿನ ಗುರಿ ನಡುಗತೊಡಗುತ್ತದೆ. ಪೊಟೆನ್ಷಿಯೋಮೀಟರ್ ಕೊಳ್ಳುವಾಗ ರೋಧದ ಮೌಲ್ಯದೊಂದಿಗೆ ತಿರುಗುವ ಕೋನ ಮತ್ತು ದಂಡದ ಉದ್ದವನ್ನೂ ಹೊಂದಿಸಬೇಕು.

ಸಂರಕ್ಷಣೆಯ ಪ್ರಶ್ನೆಗಳು

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ರಾಷ್ಟ್ರೀಯ ಆಟದ ವಸ್ತುಸಂಗ್ರಹಾಲಯ, ನ್ಯೂ ಹ್ಯಾಂಪ್‌ಶೈರ್‌ನ ಲಕೋನಿಯಾದ ಫನ್‌ಸ್ಪಾಟ್‌ನಲ್ಲಿರುವ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂ ಮೊದಲಾದೆಡೆ ಹಳೆಯ ಯಂತ್ರಗಳನ್ನು ಸಾರ್ವಜನಿಕರು ಆಡಬಹುದು. ಆಡಲು ಬಿಟ್ಟ ಯಂತ್ರದ ಮೂಲಭಾಗ ದಿನದಿನಕ್ಕೂ ಸವೆಯುತ್ತದೆ. ಆಡಲು ಬಿಡದ ಯಂತ್ರ ಗಾಜಿನಾಚೆಯ ಪೆಟ್ಟಿಗೆಯಾಗುತ್ತದೆ. ಮೂಲ ಜಾಯ್‌ಸ್ಟಿಕ್ಕನ್ನು ತೆಗೆದು ಚೀಟಿ ಅಂಟಿಸಿ ಇರಿಸಿ, ಬಳಕೆಗೆ ಪುನರ್‌ನಿರ್ಮಿತವನ್ನು ಹಾಕುವುದು ಇವೆರಡರ ನಡುವಿನ ದಾರಿ.

ಬದಲಾವಣೆಯನ್ನು ಹಿಂತೆಗೆಯಲು ಸಾಧ್ಯವೇ ಎಂಬುದು ಇಲ್ಲಿ ಮುಖ್ಯ. ಹೊಸ ಜಾಯ್‌ಸ್ಟಿಕ್ ಹಳೆಯ ಮೊಳೆಗಳ ಜಾಗಕ್ಕೆ ಹೊಂದದಿದ್ದಾಗ ಫಲಕಕ್ಕೆ ರಂಧ್ರ ಕೊರೆಯುವುದು ಹತ್ತು ನಿಮಿಷದ ಕೆಲಸ, ಆದರೆ ಮೂಲ ಚಿತ್ರವಿರುವ ಲೋಹದ ಫಲಕದಲ್ಲಿ ಆ ರಂಧ್ರ ಶಾಶ್ವತ. ಹಳೆಯ ರಂಧ್ರಗಳಿಗೇ ಹೊಂದುವ ಜೋಡಣಾ ಪಟ್ಟಿಯೊಂದನ್ನು ತಗಡಿನಲ್ಲಿ ಕತ್ತರಿಸಿ ಫಲಕದ ಅಡಿಯಲ್ಲಿ ಕೂರಿಸಿದರೆ ಕೊರೆಯುವ ಅಗತ್ಯ ಬೀಳುವುದಿಲ್ಲ. ಮೂಲ ಯಂತ್ರದ ಮೇಲಿನ ಅಂಕದಾಖಲೆಗಳನ್ನು ಗುರುತಿಸುವ ವಲಯಗಳಲ್ಲಿಯೂ ನಿಯಂತ್ರಣ ಮೂಲದ್ದೇ ಎಂಬುದು ಚರ್ಚೆಯ ವಿಷಯವಾಗುತ್ತದೆ, ಏಕೆಂದರೆ ತಡೆಫಲಕ ಬದಲಾದರೆ ಆಟದ ಕಷ್ಟವೂ ಬದಲಾಗುತ್ತದೆ.

1980ರ ದಶಕದ ಯಾಂತ್ರಿಕ ವಿನ್ಯಾಸಗಳ ಮೇಲಿದ್ದ ಪೇಟೆಂಟ್‌ಗಳ ಅವಧಿ ಮುಗಿದಿದೆ. ಕಂಪನಿಗಳ ಹೆಸರು ಮತ್ತು ಲಾಂಛನಗಳ ಮೇಲಿನ ಹಕ್ಕು ಹಾಗೆ ಮುಗಿಯುವಂಥದ್ದಲ್ಲ. ಪುನರ್‌ನಿರ್ಮಿತ ಭಾಗದ ಮೇಲೆ ಹಳೆಯ ಲಾಂಛನವನ್ನು ಮೂಡಿಸುವುದು ಕಾನೂನಿನ ತೊಡಕಿಗೂ ಮೂಲದ್ದೆಂದು ಮಾರಾಟವಾಗುವ ಮೋಸಕ್ಕೂ ದಾರಿ ಮಾಡುತ್ತದೆ. ಕೆಲವು ತಯಾರಕರು ಫಲಕದ ಕೆಳಗೆ ಮರೆಯಾಗುವ ಜಾಗದಲ್ಲಿ ತಯಾರಿಕೆಯ ವರ್ಷವನ್ನು ಕೆತ್ತುತ್ತಾರೆ. ಮುಂದೆ ಆ ಜಾಯ್‌ಸ್ಟಿಕ್ಕನ್ನು ಬಿಚ್ಚುವವರಿಗೆ ಮಾತ್ರ ಅದು ಕಾಣುತ್ತದೆ.